ಹಳೆಯ ಪಿಕಪ್ ವಾಹನದ ಶಕ್ತಿ ಕುಂದಿದಾಗ: ಇಂಜಿನ್ ಬಿಚ್ಚಲು ಅನುಮೋದನೆ ನೀಡುವ ಮುನ್ನ

(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಒಂದಲ್ಲ ಒಂದು ದಿನ "ಸ್ವಚ್ಛ ವಾಹಿನಿ ವಾಹನದ ಇಂಜಿನ್ ದುರಸ್ತಿಗೆ ಅನುಮೋದನೆ" ಎಂಬ ವಿಷಯ ಬರುತ್ತದೆ. ಅದರೊಡನೆ ಗ್ಯಾರೇಜಿನ ಅಂದಾಜು ಪಟ್ಟಿಯೊಂದಿರುತ್ತದೆ. ಬೋರಿಂಗ್, ಪಿಸ್ಟನ್, ರಿಂಗ್ ಸೆಟ್, ಬೇರಿಂಗ್, ಗ್ಯಾಸ್ಕೆಟ್, ಆಯಿಲ್, ಮಜೂರಿ ಎಂದು ಸಾಲುಗಳು ಇಳಿಯುತ್ತ ಹೋಗಿ, ಕೊನೆಯಲ್ಲಿ ಪಂಚಾಯಿತಿಯ ಸ್ವಂತ ಸಂಪನ್ಮೂಲವನ್ನು ಒಮ್ಮೆಲೇ ಬರಿದು ಮಾಡುವಂತಹ ಮೊತ್ತವೊಂದು ನಿಂತಿರುತ್ತದೆ. ಕಾರಣದ ಜಾಗದಲ್ಲಿ ಎರಡೇ ಪದಗಳಿರುತ್ತವೆ: "ಗಾಡಿ ಎಳೆಯುತ್ತಿಲ್ಲ."

ಈ ಎರಡು ಪದಗಳಿಂದ ಆ ಮೊತ್ತದವರೆಗೆ ಹೋಗುವ ದಾರಿಯಲ್ಲಿ ಹತ್ತಾರು ಪ್ರಶ್ನೆಗಳಿವೆ. ಅವುಗಳಲ್ಲಿ ಹೆಚ್ಚಿನವನ್ನು ಕೇಳಲು ಮೆಕ್ಯಾನಿಕ್ ಆಗಿರಬೇಕಾದ ಅಗತ್ಯವಿಲ್ಲ. ಕೇಳದೆ ಹೋದರೆ ಆಗುವ ನಷ್ಟ ಮಾತ್ರ ಹಣಕ್ಕೆ ಸೀಮಿತವಲ್ಲ. ವಾಹನ ಗ್ಯಾರೇಜಿನಲ್ಲಿ ನಿಂತಷ್ಟು ದಿನ ಮನೆಮನೆಯ ಕಸ ಕೆರೆಯಂಗಳಕ್ಕೆ, ರಸ್ತೆಯ ಬದಿಗೆ ಸೇರುತ್ತದೆ. ಅನೇಕ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ಮಹಿಳೆಯರೇ ಈ ವಾಹನದ ಚಾಲಕಿಯರು. ಗಾಡಿ ಸೋತಾಗ ಮೊದಲ ಆರೋಪ ಅವರ ಮೇಲೆಯೇ ಬರುತ್ತದೆ: "ಆಕೆಗೆ ಗೇರು ಹಾಕಲು ಬಾರದು, ಕ್ಲಚ್ ಸುಟ್ಟಿದ್ದಾಳೆ." ಪರೀಕ್ಷಿಸದೆ ಹೊರಿಸಿದ ಇಂತಹ ಮಾತು ಒಂದು ಕುಟುಂಬದ ದುಡಿಮೆಯನ್ನೇ ಕಸಿದುಕೊಳ್ಳಬಲ್ಲದು. ಆದುದರಿಂದ ಹಳೆಯ ಡೀಸೆಲ್ ಪಿಕಪ್ ವಾಹನದ ಶಕ್ತಿ ಕುಂದಿದಾಗ ಕಾರಣವನ್ನು ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಶೇಂಗಾ, ಟೊಮೆಟೊ, ಹೂವು ಸಾಗಿಸಲು ಸ್ವಂತ ಪಿಕಪ್ ಇಟ್ಟುಕೊಂಡಿರುವ ಸದಸ್ಯರಿಗೂ ಇದು ಉಪಯೋಗಕ್ಕೆ ಬರುತ್ತದೆ.

1. ಮೊದಲು ದೂರನ್ನು ಸರಿಯಾಗಿ ಬರೆದುಕೊಳ್ಳುವುದು

"ಎಳೆಯುತ್ತಿಲ್ಲ" ಎಂಬುದು ದೂರಿನ ಆರಂಭ ಮಾತ್ರ. ಚಾಲಕಿಯನ್ನು ಎದುರಿಗೆ ಕೂರಿಸಿಕೊಂಡು ಐದು ವಿಷಯಗಳನ್ನು ಲಿಖಿತವಾಗಿ ದಾಖಲಿಸಿಕೊಳ್ಳಬೇಕು.

ಒಂದು, ತೊಂದರೆ ಒಂದೇ ದಿನದಲ್ಲಿ ಬಂದಿತೇ ಅಥವಾ ತಿಂಗಳುಗಳಿಂದ ನಿಧಾನವಾಗಿ ಹೆಚ್ಚಿತೇ. ಎರಡು, ಖಾಲಿ ಗಾಡಿಯಲ್ಲೂ ಇದೆಯೇ, ಭಾರ ತುಂಬಿದಾಗ ಮಾತ್ರವೇ. ಮೂರು, ಹೊರಟ ಕೂಡಲೇ ಕಾಣುತ್ತದೆಯೇ, ಇಪ್ಪತ್ತು ಮೂವತ್ತು ನಿಮಿಷ ಓಡಿದ ಮೇಲೆಯೇ. ನಾಲ್ಕು, ಹೊಗೆ ಬರುತ್ತಿದೆಯೇ, ಬಂದರೆ ಯಾವ ಬಣ್ಣದ್ದು. ಐದು, ತೊಂದರೆ ಆರಂಭವಾಗುವ ಮುನ್ನ ಯಾವ ಕೆಲಸ ನಡೆದಿತ್ತು: ಡೀಸೆಲ್ ಬೇರೆ ಕಡೆ ಹಾಕಿಸಿದ್ದೇ, ಫಿಲ್ಟರ್ ಬದಲಿಸಿದ್ದೇ, ಬ್ರೇಕ್ ಬಿಗಿ ಮಾಡಿಸಿದ್ದೇ, ಬಾಡಿಗೆ ಜಾಲರಿ ಎತ್ತರಿಸಿದ್ದೇ.

ಈ ಐದು ಉತ್ತರಗಳು ಅರ್ಧ ರೋಗನಿರ್ಣಯಕ್ಕೆ ಸಮ. ಪಿಸ್ಟನ್ ರಿಂಗ್ ಸವೆಯಲು ವರ್ಷಗಳು ಬೇಕು. ಅದು ಸೋಮವಾರ ಸರಿಯಿದ್ದು ಮಂಗಳವಾರ ಸವೆಯುವ ವಸ್ತುವಲ್ಲ. ಒಂದೇ ದಿನದಲ್ಲಿ ಶಕ್ತಿ ಕಳೆದುಕೊಂಡ ಗಾಡಿಯಲ್ಲಿ ಹುಡುಕಬೇಕಾದದ್ದು ಕಟ್ಟಿಕೊಂಡ ಪೈಪು, ಕಳಚಿದ ಹೋಸು, ನೀರು ಬೆರೆತ ಡೀಸೆಲ್ ಅಥವಾ ಸಡಿಲಗೊಂಡ ಕೇಬಲ್. ಅಂತಹ ಗಾಡಿಗೆ "ಬೋರ್ ಹೋಗಿದೆ" ಎಂದು ಪಟ್ಟಿ ಬಂದರೆ ಅನುಮೋದನೆಯ ಮುನ್ನ ಎರಡನೆಯ ಅಭಿಪ್ರಾಯ ಪಡೆಯತಕ್ಕದ್ದು.

ಮುಂದಿನ ಪರೀಕ್ಷೆಗಳಿಗೆಲ್ಲ ಒಂದು ಅಳತೆಗೋಲು ಬೇಕು. ಪಂಚಾಯಿತಿ ವ್ಯಾಪ್ತಿಯಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಏರನ್ನು ಗುರುತಿಸಿಕೊಳ್ಳಬೇಕು. ಕೆರೆ ಏರಿಗೆ ಹತ್ತುವ ರಸ್ತೆ ಇದಕ್ಕೆ ಅನುಕೂಲ. ಖಾಲಿ ಗಾಡಿ ಆ ಏರನ್ನು ಯಾವ ಗೇರಿನಲ್ಲಿ, ಎಷ್ಟು ಸೆಕೆಂಡುಗಳಲ್ಲಿ ಹತ್ತುತ್ತದೆ ಎಂಬುದನ್ನು ಮೊಬೈಲ್ ಗಡಿಯಾರದಲ್ಲಿ ನೋಡಿ ಲಾಗ್ ಪುಸ್ತಕದಲ್ಲಿ ಬರೆಯಬೇಕು. ಒಂದೊಂದು ದುರಸ್ತಿಯ ನಂತರವೂ ಅದೇ ಏರು, ಅದೇ ಗೇರು, ಅದೇ ಭಾರ. ಆಗ "ಸ್ವಲ್ಪ ಪರವಾಗಿಲ್ಲ ಅನ್ನಿಸುತ್ತೆ" ಎಂಬ ಮಾತಿನ ಜಾಗದಲ್ಲಿ ಅಂಕಿಯೊಂದು ದೊರೆಯುತ್ತದೆ.

2. ಭಾರ ಮತ್ತು ಏರಿನ ಲೆಕ್ಕ

ಗಾಡಿ ದುರ್ಬಲವಾಗಿದೆಯೋ, ಅದರ ಮೇಲಿನ ಹೊರೆ ಹೆಚ್ಚಾಗಿದೆಯೋ ಎಂಬುದನ್ನು ಮೊದಲು ಬೇರ್ಪಡಿಸಬೇಕು. 2005ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಟಾಟಾ ಏಸ್ ವಾಹನವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಇಂಜಿನ್ 702 ಸಿ.ಸಿ., ಎರಡು ಸಿಲಿಂಡರ್, ಟರ್ಬೊ ಇಲ್ಲ. ಶಕ್ತಿ ಸುಮಾರು 16 ಅಶ್ವಶಕ್ತಿ. ನಮ್ಮ ನಾಲ್ಕು ತಾಲ್ಲೂಕುಗಳ ಬಹುಭಾಗ ಸಮುದ್ರ ಮಟ್ಟದಿಂದ ಸುಮಾರು 600ರಿಂದ 800 ಮೀಟರ್ ಎತ್ತರದಲ್ಲಿದೆ. ಪ್ರತಿ 100 ಮೀಟರಿಗೆ ಗಾಳಿಯ ಸಾಂದ್ರತೆ ಸುಮಾರು ಶೇ. 1ರಷ್ಟು ಇಳಿಯುವುದರಿಂದ ಟರ್ಬೊ ಇಲ್ಲದ ಇಂಜಿನ್ನಿನಲ್ಲಿ ಇಲ್ಲಿ 15 ಅಶ್ವಶಕ್ತಿಯಷ್ಟು ಉಳಿಯುತ್ತದೆ. ಗೇರ್ ಬಾಕ್ಸ್ ಮತ್ತು ಹಿಂದಿನ ಆಕ್ಸಲಿನಲ್ಲಿ ಹತ್ತನೆಯ ಒಂದು ಭಾಗ ಹೋಗುತ್ತದೆಂದು ಹಿಡಿದರೆ ಚಕ್ರಕ್ಕೆ ತಲಪುವುದು 13ಕ್ಕಿಂತ ತುಸು ಹೆಚ್ಚು.

ಈಗ ಭಾರಸಹಿತ 1,500 ಕೆ.ಜಿ. ತೂಗುವ ಗಾಡಿ, ಹತ್ತು ಅಡಿಗೆ ಒಂದು ಅಡಿ ಏರುವ ರಸ್ತೆಯನ್ನು ಗಂಟೆಗೆ 20 ಕಿ.ಮೀ. ವೇಗದಲ್ಲಿ ಹತ್ತಬೇಕಾದರೆ, ಟೈರಿನ ಉರುಳು ತಡೆಯನ್ನೂ ಸೇರಿಸಿ, ಸುಮಾರು 13 ಅಶ್ವಶಕ್ತಿ ಬೇಕಾಗುತ್ತದೆ. ಅಂದರೆ ಇಂಜಿನ್ ಹೊಸದಾಗಿದ್ದಾಗಲೇ ಅದು ತನ್ನ ಮಿತಿಯಲ್ಲಿ ದುಡಿಯುತ್ತಿರುತ್ತದೆ. ಅದೇ ಗಾಡಿಗೆ 300 ಕೆ.ಜಿ. ಹೆಚ್ಚು ತುಂಬಿದರೆ ಬೇಕಾಗುವ ಶಕ್ತಿ 15 ದಾಟುತ್ತದೆ. ಆಗ ಗಾಡಿ ಗೇರು ಇಳಿಸದೆ ಹತ್ತಲಾರದು. ಇದು ದೋಷವಲ್ಲ, ಲೆಕ್ಕ. ಬಾಡಿಯ ಮೇಲೆ ಜಾಲರಿ ಎತ್ತರಿಸಿ, ಸಂತೆಯ ಮರುದಿನದ ಹಸಿ ಕಸವನ್ನು ಒಂದೇ ಸುತ್ತಿನಲ್ಲಿ ತುಂಬಿಸುವ ಕಡೆ ಈ 300 ಕೆ.ಜಿ. ಯಾರ ಕಣ್ಣಿಗೂ ಬೀಳದೆ ಸೇರಿರುತ್ತದೆ. ಒಣ ಕಸಕ್ಕಿಂತ ಹಸಿ ಕಸ ಬಹಳ ಭಾರವೆಂಬುದನ್ನು ಜಾಲರಿಯ ಎತ್ತರ ಹೇಳುವುದಿಲ್ಲ. ಹತ್ತಿರದ ತೂಕದ ಸೇತುವೆಯಲ್ಲಿ ಒಮ್ಮೆ ತೂಗಿಸಿ, ನೋಂದಣಿ ಪತ್ರದಲ್ಲಿರುವ ಒಟ್ಟು ತೂಕದೊಡನೆ ಹೋಲಿಸಿದರೆ ಈ ಸಂಶಯ ತೀರುತ್ತದೆ.

ಎತ್ತರ ಮತ್ತು ಬಿಸಿಲನ್ನು ನೆಪ ಮಾಡುವುದೂ ಸಲ್ಲದು. ಕಳೆದ ವರ್ಷ ಇದೇ ಏರಿಯನ್ನು ಇದೇ ಭಾರದೊಡನೆ ಎರಡನೆಯ ಗೇರಿನಲ್ಲಿ ಹತ್ತಿದ ಗಾಡಿ ಈ ವರ್ಷ ಹತ್ತಲಾರದೆಂದರೆ ಬದಲಾದದ್ದು ಗಾಡಿಯೇ ಹೊರತು ಊರಿನ ಎತ್ತರವಲ್ಲ.

3. ಇಂಜಿನ್ ಹೊರಗಿನ ಕಳ್ಳರು

ಇಂಜಿನ್ ಉತ್ಪಾದಿಸಿದ ಶಕ್ತಿಯನ್ನು ದಾರಿಯಲ್ಲೇ ತಿಂದುಹಾಕುವ ಮೂರು ಭಾಗಗಳನ್ನು ಮೊದಲು ನೋಡಬೇಕು. ಇವಕ್ಕೆ ಖರ್ಚು ಕಡಿಮೆ.

ಟೈರು: ಗಾಳಿ ಕಡಿಮೆಯಿದ್ದರೆ ಗಾಡಿ ಭಾರವಾಗಿ ಉರುಳುತ್ತದೆ. ಭಾರ ತುಂಬುವ ಮುನ್ನ, ಟೈರು ತಣ್ಣಗಿರುವಾಗ ಅಳೆಯಬೇಕು.

ಬ್ರೇಕು: ಸಮತಟ್ಟಾದ ರಸ್ತೆಯಲ್ಲಿ ಗಾಡಿಯನ್ನು ನ್ಯೂಟ್ರಲ್ ಮಾಡಿ, ಇಬ್ಬರು ತಳ್ಳಿದರೆ ಖಾಲಿ ಪಿಕಪ್ ಸರಾಗವಾಗಿ ಉರುಳಬೇಕು. ನಾಲ್ಕೈದು ಕಿ.ಮೀ. ಹೆಚ್ಚು ಬ್ರೇಕು ಹಿಡಿಯದೆ ಓಡಿಸಿ ನಿಲ್ಲಿಸಿದ ಮೇಲೆ ಪ್ರತಿ ಚಕ್ರದ ಡ್ರಮ್ಮಿನ ಬಳಿ ಕೈ ಹಿಡಿದು ನೋಡಬೇಕು, ಮುಟ್ಟಬಾರದು. ಒಂದು ಮಾತ್ರ ಉಳಿದವುಗಳಿಗಿಂತ ಬಹಳ ಬಿಸಿಯಾಗಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡಿದೆ ಅಥವಾ ಬೇರಿಂಗ್ ಕೆಟ್ಟಿದೆ. ಹ್ಯಾಂಡ್ ಬ್ರೇಕ್ ಕೇಬಲ್ ಮಣ್ಣು ತುಂಬಿ ಪೂರ್ತಿ ಬಿಡದಿರುವುದೂ ಉಂಟು.

ಕ್ಲಚ್ಚು: ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಶಬ್ದ ಏರಿ, ಗಾಡಿಯ ವೇಗ ಏರದಿದ್ದರೆ ಇಂಜಿನ್ ದುರ್ಬಲವಲ್ಲ, ಕ್ಲಚ್ ಜಾರುತ್ತಿದೆ. ಶಬ್ದವೂ ಏರದೆ ವೇಗವೂ ಏರದಿದ್ದರೆ ದೋಷ ಇಂಜಿನ್ ಕಡೆಗಿದೆ. ಖಚಿತಪಡಿಸಲು ಸಮತಟ್ಟಾದ ಜಾಗದಲ್ಲಿ, ಮುಂದೆ ಹಿಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು, ಮೂರನೆಯ ಗೇರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಡಬೇಕು. ಇಂಜಿನ್ ನಿಂತುಹೋದರೆ ಕ್ಲಚ್ ಹಿಡಿಯುತ್ತಿದೆ. ನಿಲ್ಲದೆ ಓಡುತ್ತಲೇ ಇದ್ದರೆ ಜಾರುತ್ತಿದೆ. ಇದನ್ನು ಒಮ್ಮೆ ಮಾತ್ರ ಮಾಡಬೇಕು. ಪದೇ ಪದೇ ಮಾಡಿದರೆ ಒಳ್ಳೆಯ ಕ್ಲಚ್ಚೂ ಸುಡುತ್ತದೆ. ಚಾಲಕಿಯ ಮೇಲಿನ ಆರೋಪ ನಿಜವೋ ಸುಳ್ಳೋ ಎಂಬುದು ಈ ಒಂದು ನಿಮಿಷದಲ್ಲಿ ಬಹುಪಾಲು ತಿಳಿಯುತ್ತದೆ. ಕ್ಲಚ್ ಜಾರುತ್ತಿದ್ದರೂ ಅದು ಚಾಲನೆಯ ತಪ್ಪೆಂದು ಕೂಡಲೇ ಹೇಳುವಂತಿಲ್ಲ. ಪ್ರತಿ ಮನೆಯ ಮುಂದೆ ನಿಂತು ಹೊರಡುವ ಕೆಲಸದಲ್ಲಿ ಕ್ಲಚ್ ಬೇಗ ಸವೆಯುವುದು ಸಹಜ; ಪೆಡಲಿನ ಬಿಡುವು ಹೊಂದಿಸದಿದ್ದರೂ ಅದು ಜಾರುತ್ತದೆ.

4. ಗಾಳಿ

ಡೀಸೆಲ್ ಇಂಜಿನ್ನಿನಲ್ಲಿ ಪ್ಲಗ್ ಕಿಡಿಯಿಲ್ಲ. ಗಾಳಿಯನ್ನು ಬಲವಾಗಿ ಅದುಮಿ, ಅದು ಕಾದ ಕ್ಷಣದಲ್ಲಿ ಡೀಸೆಲ್ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ನಡೆಸಿ ತೋರಿಸಿದ ತತ್ತ್ವ ಇದೇ. ಆದುದರಿಂದ ಈ ಇಂಜಿನ್ನಿಗೆ ಬೇಕಾದದ್ದು ಸಾಕಷ್ಟು ಗಾಳಿ, ಸಾಕಷ್ಟು ಶುದ್ಧ ಡೀಸೆಲ್, ಸರಿಯಾದ ವೇಳೆಗೆ ಸಿಂಪಡಣೆ ಮತ್ತು ಅದುಮಿದ ಗಾಳಿ ಸೋರದ ಸಿಲಿಂಡರ್. ಈ ನಾಲ್ಕರಲ್ಲಿ ಮೊದಲ ಎರಡನ್ನು ನೋಡಲು ಇಂಜಿನ್ ಬಿಚ್ಚಬೇಕಾಗಿಲ್ಲ.

ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಸುಮಾರು 10,000 ಲೀಟರ್ ಗಾಳಿ ಬೇಕು. ಆ ಗಾಳಿಯೆಲ್ಲ ಏರ್ ಫಿಲ್ಟರಿನ ಕಾಗದದ ಮಡಿಕೆಗಳ ಮೂಲಕವೇ ಹೋಗಬೇಕು. ಮಳೆ ಕಡಿಮೆಯಿರುವ ನಮ್ಮ ತಾಲ್ಲೂಕುಗಳಲ್ಲಿ, ಗೊಲ್ಲರಹಟ್ಟಿ, ತಾಂಡಾ, ತೋಟದ ಮನೆಗಳ ಮಣ್ಣು ರಸ್ತೆಗಳಲ್ಲಿ ದಿನವಿಡೀ ಮೊದಲ, ಎರಡನೆಯ ಗೇರಿನಲ್ಲಿ ತೆವಳುವ ಗಾಡಿಗೆ ಕಂಪನಿಯ ಪುಸ್ತಕದಲ್ಲಿರುವ ಸಾಮಾನ್ಯ ಅವಧಿ ಸಾಲದು. ಧೂಳಿನ ಪ್ರದೇಶಕ್ಕೆ ಕಡಿಮೆ ಅವಧಿ ಪಾಲಿಸಬೇಕು. ಹೆದ್ದಾರಿ 48ರಲ್ಲಿ ಓಡುವ ಗಾಡಿಯ ಫಿಲ್ಟರಿಗೂ ಪಾವಗಡದ ಹಳ್ಳಿಯೊಳಗಿನ ಗಾಡಿಯ ಫಿಲ್ಟರಿಗೂ ಒಂದೇ ಲೆಕ್ಕ ಹಿಡಿಯಲಾಗದು. ಮೇಲಾಗಿ ಕಸದ ಗಾಡಿಯಲ್ಲಿ ಕಿಲೋಮೀಟರ್ ಕಡಿಮೆಯಿದ್ದರೂ ಇಂಜಿನ್ ಓಡಿದ ಗಂಟೆಗಳು ಹೆಚ್ಚಿರುತ್ತವೆ.

ಫಿಲ್ಟರನ್ನು ಟೈರಿಗೆ ಬಡಿದು ಮತ್ತೆ ಹಾಕುವುದು, ಪಂಚರ್ ಅಂಗಡಿಯ ಗಾಳಿಯನ್ನು ಹೊರಗಿನಿಂದ ಬಲವಾಗಿ ಹೊಡೆಸುವುದು ರೂಢಿಯಲ್ಲಿದೆ. ಬಡಿದರೆ ಅಂಚು ಸೊಟ್ಟಗಾಗುತ್ತದೆ. ಗಾಳಿ ಹೊಡೆದರೆ ಕಾಗದ ತೂತಾಗುತ್ತದೆ. ಆ ತೂತಿನಿಂದ ಹೋದ ಧೂಳು ಸಿಲಿಂಡರನ್ನು ಉಪ್ಪುಕಾಗದದಂತೆ ಉಜ್ಜುತ್ತದೆ. ಕೆಲವೇ ನೂರು ರೂಪಾಯಿಯ ವಸ್ತುವನ್ನು ಉಳಿಸಲು ಹೋಗಿ ಬೋರಿಂಗ್ ಖರ್ಚನ್ನು ತಂದುಕೊಳ್ಳುವ ದಾರಿ ಇದು. ಫಿಲ್ಟರ್ ತೆಗೆದು ಓಡಿಸಿ ನೋಡುವುದೂ ಬೇಡ. ಹೊಸದನ್ನೇ ಹಾಕಿ ಏರಿಯ ಪರೀಕ್ಷೆ ಮಾಡಬೇಕು.

ಟರ್ಬೊ ಇರುವ ಪಿಕಪ್ ವಾಹನಗಳಲ್ಲಿ ಟರ್ಬೊದಿಂದ ಇಂಜಿನ್ನಿಗೆ ಬರುವ ರಬ್ಬರ್ ಹೋಸುಗಳನ್ನು ಪರೀಕ್ಷಿಸಬೇಕು. ಬಿರುಕು ಬಿಟ್ಟರೆ ಅಥವಾ ಕ್ಲಿಪ್ಪು ಸಡಿಲವಾದರೆ ಅದುಮಿದ ಗಾಳಿ ಹೊರಹೋಗುತ್ತದೆ. ಭಾರದಲ್ಲಿ "ಸುಯ್" ಎಂಬ ಸದ್ದು, ಕಪ್ಪು ಹೊಗೆ, ಜೋಡಣೆಯ ಬಳಿ ಎಣ್ಣೆಯ ಜಿಡ್ಡು ಇದರ ಗುರುತುಗಳು. ಟರ್ಬೊ ಬದಲಿಸಬೇಕೆಂಬ ಪಟ್ಟಿ ಬಂದಾಗ ಮೊದಲು ಹೋಸು ನೋಡಿದ್ದಾರೆಯೇ ಎಂದು ಕೇಳಬೇಕು.

5. ಪೆಡಲು ಮತ್ತು ಡೀಸೆಲ್

ಕೇಬಲ್ ಇರುವ ಹಳೆಯ ಗಾಡಿಗಳಲ್ಲಿ ಇಂಜಿನ್ ನಿಲ್ಲಿಸಿ, ಒಬ್ಬರು ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿಯಬೇಕು; ಇನ್ನೊಬ್ಬರು ಡೀಸೆಲ್ ಪಂಪಿನ ಲಿವರ್ ತನ್ನ ಕೊನೆಯವರೆಗೆ ಬಂದಿದೆಯೇ ಎಂದು ನೋಡಬೇಕು. ಕೇಬಲ್ ಸಡಿಲಗೊಂಡಿದ್ದರೆ, ಪೆಡಲಿನ ಕೆಳಗೆ ಮ್ಯಾಟು ದಪ್ಪವಾಗಿದ್ದರೆ ಲಿವರ್ ಮುಕ್ಕಾಲು ಮಾತ್ರ ತೆರೆಯುತ್ತದೆ. ಆಗ ಇಂಜಿನ್ ಮುಕ್ಕಾಲು ಶಕ್ತಿಯನ್ನೇ ಕೊಡುತ್ತದೆ. ಇದಕ್ಕೆ ಬೇಕಾದದ್ದು ಸ್ಪ್ಯಾನರ್ ಒಂದೇ.

ನಂತರ ಡೀಸೆಲ್ ಟ್ಯಾಂಕಿನಿಂದ ಪಂಪಿನವರೆಗಿನ ದಾರಿ. ಫಿಲ್ಟರಿನ ಕೆಳಗಿನ ಡ್ರೇನ್ ಸ್ಕ್ರೂ ಸಡಿಲಿಸಿ ಸ್ವಲ್ಪ ಡೀಸೆಲನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಬಿಡಬೇಕು. ನೀರಿದ್ದರೆ ಅದು ಭಾರವಾದ್ದರಿಂದ ತಳದಲ್ಲಿ ಬೇರೆ ಪದರವಾಗಿ ಕಾಣುತ್ತದೆ. ಕ್ಯಾನು, ಡ್ರಮ್ಮುಗಳಲ್ಲಿ ಡೀಸೆಲ್ ತಂದು ತುಂಬುವ ಕಡೆ ಇದು ಹೆಚ್ಚು. ಫಿಲ್ಟರ್ ಕಟ್ಟಿಕೊಂಡಿದ್ದರೆ ಖಾಲಿ ಗಾಡಿ ಚೆನ್ನಾಗಿ ಓಡುತ್ತದೆ, ಭಾರದಲ್ಲಿ ಸೋಲುತ್ತದೆ; ಏಕೆಂದರೆ ಹೆಚ್ಚು ಡೀಸೆಲ್ ಬೇಕಾಗುವುದು ಭಾರದಲ್ಲೇ.

ಟ್ಯಾಂಕಿನ ಮುಚ್ಚಳವನ್ನೂ ಮರೆಯಬಾರದು. ಡೀಸೆಲ್ ಖಾಲಿಯಾದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ಮುಚ್ಚಳದ ಗಾಳಿರಂಧ್ರ ಧೂಳಿನಿಂದ ಮುಚ್ಚಿದರೆ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗಿ, ಪಂಪು ಎಳೆದರೂ ಡೀಸೆಲ್ ಬಾರದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಒಂದು ಗಾಡಿ ಬೆಳಿಗ್ಗೆ ಹೊರಟಾಗ ಸರಿಯಿರುತ್ತದೆ. ಅರ್ಧ ಗಂಟೆಯ ನಂತರ ಏರಿಯಲ್ಲಿ ಸೋಲುತ್ತದೆ. ಹೊಗೆ ಬರುವುದಿಲ್ಲ. ಹತ್ತು ನಿಮಿಷ ನಿಲ್ಲಿಸಿ ಹೊರಟರೆ ಮತ್ತೆ ಸರಿಹೋಗುತ್ತದೆ. ಇಲ್ಲಿ ರಿಂಗ್ ಸವೆದಿದ್ದರೆ ನಿಲ್ಲಿಸಿದ ಮಾತ್ರಕ್ಕೆ ಸರಿಹೋಗುತ್ತಿರಲಿಲ್ಲ. ಏರ್ ಫಿಲ್ಟರ್ ಕಟ್ಟಿದ್ದರೆ ಕಪ್ಪು ಹೊಗೆ ಬರಬೇಕಿತ್ತು. ಆದುದರಿಂದ ಡೀಸೆಲ್ ಬರುವ ದಾರಿಯೇ ಮೊದಲ ಸಂಶಯ. ಸೋತ ಜಾಗದಲ್ಲೇ ಟ್ಯಾಂಕಿನ ಮುಚ್ಚಳ ತೆರೆಯಬೇಕು. ಗಾಳಿ ಒಳಗೆ ಎಳೆದುಕೊಂಡ ಸದ್ದಾಗಿ, ಶಕ್ತಿ ಮರಳಿದರೆ ಕಾರಣ ಮುಚ್ಚಳ. ಹಾಗಾಗದಿದ್ದರೆ ಟ್ಯಾಂಕಿನೊಳಗಿನ ಜರಡಿಗೆ ಕಸ ಬಂದು ಅಂಟಿಕೊಂಡು, ನಿಲ್ಲಿಸಿದಾಗ ಕೆಳಗೆ ಬೀಳುತ್ತಿರಬಹುದು; ಟ್ಯಾಂಕು ಇಳಿಸಿ ತೊಳೆಯಬೇಕು. ಎರಡರಲ್ಲಿ ಯಾವುದಕ್ಕೂ ಇಂಜಿನ್ ಬಿಚ್ಚುವ ಅಗತ್ಯವಿಲ್ಲ.

6. ಹೊಗೆ ಹೇಳುವ ಸಾಕ್ಷ್ಯ

ಹೊಗೆಯನ್ನು ಭಾರದಲ್ಲಿ, ಇಂಜಿನ್ ಬಿಸಿಯಾದ ಮೇಲೆ ನೋಡಬೇಕು.

ಕಪ್ಪು ಹೊಗೆ: ಡೀಸೆಲ್ಲಿಗೆ ತಕ್ಕಷ್ಟು ಗಾಳಿ ಇಲ್ಲ. ಏರ್ ಫಿಲ್ಟರ್, ಟರ್ಬೊ ಹೋಸು, ತೆರೆದೇ ಉಳಿದ ಇ.ಜಿ.ಆರ್. ವಾಲ್ವ್, ಸರಿಯಾಗಿ ಸಿಂಪಡಿಸದ ನಾಝಲ್, ಅಥವಾ ಮಿತಿಮೀರಿದ ಭಾರ.

ಬಿಳಿ ಹೊಗೆ: ಡೀಸೆಲ್ ಉರಿಯದೆ ಹೋಗುತ್ತಿದೆ. ಸಿಂಪಡಣೆಯ ವೇಳೆ ತಪ್ಪಿದೆ, ಡೀಸೆಲ್ಲಿನಲ್ಲಿ ನೀರಿದೆ, ಅಥವಾ ಒಂದು ಸಿಲಿಂಡರಿನಲ್ಲಿ ಒತ್ತಡ ಸಾಲದು. ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯ.

ನೀಲಿ ಹೊಗೆ: ಇಂಜಿನ್ ಆಯಿಲ್ ಉರಿಯುತ್ತಿದೆ. ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೊ ಸೀಲ್.

ಹೊಗೆಯೇ ಇಲ್ಲ, ಶಕ್ತಿಯೂ ಇಲ್ಲ: ಸಾಕಷ್ಟು ಡೀಸೆಲ್ ತಲಪುತ್ತಿಲ್ಲ ಅಥವಾ ಪೆಡಲು ಪೂರ್ತಿ ತೆರೆಯುತ್ತಿಲ್ಲ, ಇಲ್ಲವೇ ದೋಷ ಬ್ರೇಕು, ಕ್ಲಚ್ಚಿನಲ್ಲಿದೆ. ಹೊಗೆ ಇಲ್ಲದ, ಆಯಿಲ್ ಕುಡಿಯದ ಗಾಡಿಗೆ ಬೋರಿಂಗ್ ಪಟ್ಟಿ ಬಂದರೆ ಸಭೆ ಎಚ್ಚರ ವಹಿಸಬೇಕಾದದ್ದು ಇಲ್ಲಿಯೇ.

7. ಶಾಖ ಮತ್ತು ಸೈಲೆನ್ಸರ್

ಬೇಸಗೆಯಲ್ಲಿ ಮಧ್ಯಾಹ್ನ ಮಾತ್ರ ಸೋಲುವ ಗಾಡಿಯಲ್ಲಿ ರೇಡಿಯೇಟರನ್ನು ನೋಡಬೇಕು. ಕಸದ ಗಾಡಿಯ ರೇಡಿಯೇಟರ್ ಮುಂಭಾಗದಲ್ಲಿ ಪ್ಲಾಸ್ಟಿಕ್ ಹಾಳೆ, ಹುಲ್ಲು, ಧೂಳು ಸೇರಿ ಗಾಳಿ ಹೋಗದಂತಾಗುವುದು ಸಾಮಾನ್ಯ. ಫ್ಯಾನ್ ಬೆಲ್ಟ್ ಸಡಿಲವಿದ್ದರೂ ಇದೇ ಲಕ್ಷಣ. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು.

ಸೈಲೆನ್ಸರ್ ನಜ್ಜುಗುಜ್ಜಾಗಿದ್ದರೆ ಅಥವಾ ಒಳಗೆ ಮಸಿ ಕಟ್ಟಿದ್ದರೆ ಸುಟ್ಟ ಅನಿಲ ಹೊರಹೋಗದು. ಹೊಸ ಗಾಳಿ ಒಳಬಾರದು. ಹಳ್ಳದಲ್ಲಿ ತಳ ತಾಗಿದ ನಂತರ ತೊಂದರೆ ಶುರುವಾಗಿದ್ದರೆ ಇದನ್ನು ಮೊದಲು ನೋಡಬೇಕು.

8. ದೀಪ ಹತ್ತುವ ಗಾಡಿಗಳು

ಭಾರತ್ ಸ್ಟೇಜ್ 6 ಮಾನದಂಡ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಆ ನಂತರದ ಡೀಸೆಲ್ ವಾಹನಗಳಲ್ಲೂ, ಅದಕ್ಕೆ ಹಿಂದಿನ ಕಾಮನ್ ರೈಲ್ ಪಿಕಪ್ ವಾಹನಗಳಲ್ಲೂ ಕಂಪ್ಯೂಟರ್ ಇದೆ. ಯಾವುದಾದರೂ ಸೆನ್ಸರ್ ತಪ್ಪು ಅಳತೆ ಕೊಟ್ಟರೆ ಕಂಪ್ಯೂಟರ್ ಇಂಜಿನ್ನನ್ನು ಕಾಪಾಡಲು ತಾನೇ ಶಕ್ತಿಯನ್ನು ಕಡಿತಗೊಳಿಸಿ, ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಚಿಹ್ನೆಯ ದೀಪ ಹತ್ತಿಸುತ್ತದೆ. ಇಂತಹ ಗಾಡಿಗೆ ಮೊದಲ ಹೆಜ್ಜೆ ಸ್ಕ್ಯಾನರ್ ಹಾಕಿ ಸಂಕೇತವನ್ನು ಓದುವುದು. ಆದರೆ ಸಂಕೇತ ಹೇಳುವುದು ಲಕ್ಷಣವನ್ನು, ಕಾರಣವನ್ನಲ್ಲ. "ಡೀಸೆಲ್ ಒತ್ತಡ ಕಡಿಮೆ" ಎಂಬ ಸಂಕೇತಕ್ಕೆ ದುಬಾರಿ ಪಂಪು ಕಾರಣವಿರಬಹುದು, ಕಟ್ಟಿಕೊಂಡ ಫಿಲ್ಟರೂ ಕಾರಣವಿರಬಹುದು. ಸಂಕೇತದ ಪ್ರತಿಯನ್ನು ಪಟ್ಟಿಯೊಡನೆ ಲಗತ್ತಿಸಲು ಕೇಳಬೇಕು.

ಕಾಮನ್ ರೈಲ್ ಇಂಜಿನ್ ಓಡುತ್ತಿರುವಾಗ ಅದರ ಡೀಸೆಲ್ ಪೈಪನ್ನು ಸಡಿಲಿಸುವುದು ಅಪಾಯಕರ. ವಾತಾವರಣದ ಸಾವಿರ ಪಟ್ಟಿಗೂ ಮೀರಿದ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಸೇರಬಲ್ಲದು. ಹಳೆಯ ಪಂಪಿನ ಗಾಡಿಯಲ್ಲಿ ಕಲಿತ ವಿದ್ಯೆಯನ್ನು ಇಲ್ಲಿ ಪ್ರಯೋಗಿಸಬಾರದು. ಹಾಗೆಯೇ ಎಲ್ಲ ವಾಹನಗಳಲ್ಲೂ, ಓಡುತ್ತಿರುವ ಇಂಜಿನ್ನಿನ ಬೆಲ್ಟಿನ ಬಳಿ ಸೆರಗು, ಟವೆಲ್ ಸಡಿಲವಾಗಿರಬಾರದು. ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ಹೋಗಬಾರದು.

9. ಕೊನೆಯದಾಗಿ ಇಂಜಿನ್

ಇಷ್ಟೆಲ್ಲ ಸರಿಯಿದ್ದೂ ಏರಿಯ ಪರೀಕ್ಷೆಯಲ್ಲಿ ಗಾಡಿ ಸೋತರೆ ಇಂಜಿನ್ ಕಡೆಗೆ ತಿರುಗಬೇಕು. ಅಲ್ಲಿಯೂ ಕ್ರಮವಿದೆ. ಮೊದಲು ಟ್ಯಾಪೆಟ್ ಬಿಡುವನ್ನು ಅಳೆದು ಹೊಂದಿಸಬೇಕು. ನಂತರ ನಾಝಲ್‌ಗಳನ್ನು ಡೀಸೆಲ್ ಪಂಪ್ ದುರಸ್ತಿ ಅಂಗಡಿಯ ಪರೀಕ್ಷಾ ಯಂತ್ರಕ್ಕೆ ಹಾಕಿ, ಮಂಜಿನಂತೆ ಸಿಂಪಡಿಸುತ್ತಿವೆಯೋ ಹನಿ ತೊಟ್ಟಿಕ್ಕುತ್ತಿವೆಯೋ ನೋಡಬೇಕು. ಮೂರನೆಯದು ಒತ್ತಡ ಪರೀಕ್ಷೆ, ಅಂದರೆ ಕಂಪ್ರೆಷನ್ ಟೆಸ್ಟ್. ಇಂಜಿನ್ ಬಿಸಿಯಾಗಿದ್ದು ಬ್ಯಾಟರಿ ತುಂಬಿರುವಾಗ ಪ್ರತಿ ಸಿಲಿಂಡರಿಗೂ ಮೀಟರ್ ಹಾಕಿ ಅಂಕಿ ಬರೆಯಬೇಕು. ತಯಾರಕರ ಕೈಪಿಡಿಯಲ್ಲಿರುವ ಕನಿಷ್ಠ ಮಿತಿಗಿಂತ ಕೆಳಗಿದ್ದರೆ, ಅಥವಾ ಒಂದು ಸಿಲಿಂಡರ್ ಮಾತ್ರ ಬಹಳ ಹಿಂದೆ ಬಿದ್ದಿದ್ದರೆ, ಆಗ ಇಂಜಿನ್ ಬಿಚ್ಚಲು ಕಾರಣ ದೊರೆಯಿತು. ಎರಡೇ ಸಿಲಿಂಡರಿನ ಗಾಡಿಯಲ್ಲಿ ಒಂದು ಸೋತರೆ ಅರ್ಧ ಶಕ್ತಿಯೇ ಹೋದಂತೆ. ಇಂಜಿನ್ ನಿಧಾನವಾಗಿ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದರೆ ಹೊಗೆ ಬಲವಾಗಿ ಉಗುಳುವುದು, ಎರಡು ಬಾರಿ ಆಯಿಲ್ ಬದಲಿಸುವ ನಡುವೆ ಪದೇ ಪದೇ ಆಯಿಲ್ ಸೇರಿಸಬೇಕಾಗುವುದು ಇದಕ್ಕೆ ಪೂರಕ ಸಾಕ್ಷ್ಯಗಳು.

10. ಸಭೆ ಕೇಳಬೇಕಾದ ಕಾಗದಗಳು

ಇಂಜಿನ್ ದುರಸ್ತಿಯ ಪ್ರಸ್ತಾವ ಬಂದಾಗ ಕೆಳಗಿನವು ಕಡತದಲ್ಲಿವೆಯೇ ಎಂದು ಸದಸ್ಯರು ನೋಡತಕ್ಕದ್ದು.

(ಅ) ಚಾಲಕಿಯ ಐದು ಉತ್ತರಗಳು, ದಿನಾಂಕ ಮತ್ತು ಸಹಿಯೊಡನೆ.
(ಆ) ಏರಿಯ ಪರೀಕ್ಷೆಯ ಹಿಂದಿನ ಮತ್ತು ಇಂದಿನ ಅಂಕಿಗಳು.
(ಇ) ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಕೊನೆಯ ಬಾರಿ ಬದಲಿಸಿದ ದಿನಾಂಕ ಮತ್ತು ಬಿಲ್ಲು.
(ಈ) ಬ್ರೇಕು, ಕ್ಲಚ್ಚು, ಕೇಬಲ್, ಟ್ಯಾಂಕಿನ ಮುಚ್ಚಳ ನೋಡಿದ ಬಗ್ಗೆ ಮೆಕ್ಯಾನಿಕ್ಕಿನ ಬರಹ.
(ಉ) ಪ್ರತಿ ಸಿಲಿಂಡರಿನ ಒತ್ತಡದ ಅಂಕಿ; ಕಂಪ್ಯೂಟರ್ ಇರುವ ಗಾಡಿಯಾದರೆ ಸ್ಕ್ಯಾನರ್ ವರದಿ.
(ಊ) ನಿಯಮಾನುಸಾರ ಪಡೆದ ಬೇರೆ ಬೇರೆ ಗ್ಯಾರೇಜುಗಳ ದರಪಟ್ಟಿ.

ಕೆಲಸ ಮುಗಿದ ಮೇಲೆ ಬದಲಿಸಿದ ಹಳೆಯ ಬಿಡಿಭಾಗಗಳನ್ನು ಪಂಚಾಯಿತಿ ಕಚೇರಿಗೆ ಹಿಂದಿರುಗಿಸಬೇಕೆಂಬ ಷರತ್ತನ್ನು ಕಾರ್ಯಾದೇಶದಲ್ಲೇ ಸೇರಿಸಬೇಕು. ಏರಿಯ ಪರೀಕ್ಷೆ ಮತ್ತೆ ಮಾಡಿ ಅಂಕಿ ದಾಖಲಿಸಿದ ನಂತರವೇ ಬಿಲ್ಲಿಗೆ ಸಹಿ. ಪ್ರಾಮಾಣಿಕ ಮೆಕ್ಯಾನಿಕ್ಕಿಗೆ ಇದರಿಂದ ಅನುಕೂಲವೇ. ಆತನ ಕೆಲಸಕ್ಕೆ ಸಾಕ್ಷಿ ದೊರೆಯುತ್ತದೆ. ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದಿರುವ ಪಾವಗಡದಂತಹ ತಾಲ್ಲೂಕಿನಲ್ಲಿ ದುರಸ್ತಿಗಾಗಿ ಗಡಿಯಾಚೆಗೆ ಹೋದರೂ ಇವೇ ಕಾಗದಗಳು ಬೇಕು.

11. ಖರ್ಚು ಮಾಡಬಾರದ ಸಂದರ್ಭ

ಕಾರಣ ನಿಜವಾಗಿಯೂ ಇಂಜಿನ್ ಆಗಿದ್ದರೂ ಗಾಡಿಯ ವಯಸ್ಸನ್ನು ನೋಡಬೇಕು. ಸಾರಿಗೆ ವಾಹನಕ್ಕೆ 8 ವರ್ಷ ತುಂಬಿದ ಮೇಲೆ ಅರ್ಹತಾ ಪತ್ರವನ್ನು ಪ್ರತಿ ವರ್ಷ ನವೀಕರಿಸಬೇಕು. ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಮಾಲೀಕತ್ವದ ವಾಹನಗಳಿಗೆ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮದ ತಿದ್ದುಪಡಿಯಂತೆ, ನೋಂದಣಿಯಾಗಿ 15 ವರ್ಷ ಕಳೆದ ಮೇಲೆ ನೋಂದಣಿ ನವೀಕರಣವಿಲ್ಲ. ಹದಿನಾಲ್ಕು ವರ್ಷದ ಗಾಡಿಗೆ ಹೊಸ ಬೋರು, ಹೊಸ ಪಿಸ್ಟನ್ ಹಾಕಿಸಿದರೆ ಅದರ ಫಲ ಉಣ್ಣುವವರು ಗುಜರಿಯವರು. ಅಲ್ಲಿ ಕನಿಷ್ಠ ದುರಸ್ತಿ ಮಾಡಿಸಿ, ಬದಲಿ ವಾಹನದ ಪ್ರಸ್ತಾವವನ್ನು ಮೊದಲೇ ಕಳುಹಿಸುವುದು ಲೇಸು. ಆರೇಳು ವರ್ಷದ ಗಾಡಿಯಲ್ಲಿ ಒತ್ತಡದ ಅಂಕಿ ನಿಜವಾಗಿ ಬಿದ್ದಿದ್ದರೆ ಖರ್ಚು ಮಾಡಲು ಹಿಂಜರಿಯಬಾರದು. ತಡಮಾಡಿದರೆ ಸವೆತ ಕ್ರ್ಯಾಂಕ್‌ಶಾಫ್ಟಿಗೂ ಮುಟ್ಟುತ್ತದೆ.

ಕೊನೆಯದಾಗಿ ಒಂದು ಮಾತು. ಗಾಡಿಯ ಶಕ್ತಿ ಕುಂದಿದ್ದನ್ನು ಎಲ್ಲರಿಗಿಂತ ಮೊದಲು ಅರಿಯುವವಳು ಅದನ್ನು ದಿನವೂ ನಡೆಸುವ ಚಾಲಕಿ. ಕೆರೆ ಏರಿಯಲ್ಲಿ ನಿನ್ನೆಗಿಂತ ಇಂದು ಒಂದು ಗೇರು ಮೊದಲೇ ಇಳಿಸಬೇಕಾಯಿತೆಂಬುದು ಆಕೆಯ ಪಾದಕ್ಕೆ ತಿಳಿದಿರುತ್ತದೆ. ಹೇಳಿದರೆ ತನ್ನ ಮೇಲೆಯೇ ತಪ್ಪು ಬರುತ್ತದೆಂಬ ಅಂಜಿಕೆಯಿದ್ದರೆ ಆಕೆ ಹೇಳುವುದಿಲ್ಲ. ಆಗ ಏರ್ ಫಿಲ್ಟರಿನಲ್ಲಿ ಮುಗಿಯಬೇಕಿದ್ದ ದೋಷ ಬೋರಿಂಗ್ ಪಟ್ಟಿಯಾಗಿ ಸಭೆಗೆ ಬರುತ್ತದೆ. "ಏನಮ್ಮ, ಗಾಡಿ ಹೇಗಿದೆ?" ಎಂದು ತಿಂಗಳಿಗೊಮ್ಮೆ ಕೇಳಿ, ಆಕೆ ಹೇಳಿದ್ದನ್ನು ಲಾಗ್ ಪುಸ್ತಕದಲ್ಲಿ ಬರೆಯಿಸುವ ಪಂಚಾಯಿತಿಯಲ್ಲಿ ಮೇಲಿನ ಪರೀಕ್ಷೆಗಳಲ್ಲಿ ಬಹುಪಾಲು ಅಗತ್ಯವೇ ಬೀಳುವುದಿಲ್ಲ. ಮುಂದಿನ ಸಾಮಾನ್ಯ ಸಭೆಗೆ ಮುನ್ನ ಪ್ರತಿ ಗ್ರಾಮ ಪಂಚಾಯಿತಿಯು ತನ್ನ ವಾಹನಕ್ಕೆ ಪರೀಕ್ಷೆಯ ಏರೊಂದನ್ನು ಗೊತ್ತುಪಡಿಸಿ, ಖಾಲಿ ಗಾಡಿಯ ಅಂಕಿಯನ್ನು ದಾಖಲಿಸಿಕೊಳ್ಳುವುದು ಸೂಕ್ತ.